ನಾನು ನೋಡದ ಕರಡಿ

ಬಹರೇನಿನ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ಬೆಳಿಗ್ಗೆ ಬಂದ ಕೂಡಲೇ ಗೋಡೆಯ ಬಿಳಿ ಬೋರ್ಡನ್ನು ಒರೆಸಿ, ಅವತ್ತು ಯಾವ ಯಾವ ಡಾಕ್ಟರು ಸಿಗುತ್ತಾರೆ ಎಂದು ಬರೆಯುವುದು ನನ್ನ ಮೊದಲ ಕೆಲಸ. ಕಳೆದ ತಿಂಗಳು ಒಂದು ದಿನ ಯಾವ ಗುಂಗಿನಲ್ಲಿದ್ದೆನೋ ಏನೋ, ತಾರೀಕಿನ ಕೆಳಗೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಇಂದು ಕಂಡದ್ದು’ ಎಂದು ಬರೆದೆ. ಅದರ ಕೆಳಗೆ ‘ಹಲ್ಲಿನ ಡಾಕ್ಟರು: ಎರಡು. ಚರ್ಮದ ಡಾಕ್ಟರು: ಒಂದು, ಹೆಣ್ಣು’ ಎಂದೂ ಬರೆದುಬಿಟ್ಟೆ. ಆ ಚರ್ಮದ ಡಾಕ್ಟರಮ್ಮನೇ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಬೋರ್ಡು ನೋಡಿ, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ನೋಡಿ, “ನನ್ನನ್ನು ಎಲ್ಲಿ ಕಂಡೆ? ನೀರು ಕುಡಿಯುತ್ತಿದ್ದೆನಾ, ಮರ ಹತ್ತುತ್ತಿದ್ದೆನಾ?” ಎಂದು ಕೇಳಿದರು.

ಅವರು ನಕ್ಕು ಒಳಗೆ ಹೋದರು. ನಾನು ಒರೆಸಿ ಮತ್ತೆ ಬರೆದೆ. ಆದರೆ ಕೈ ಹೀಗೆ ಜಾರಿದ್ದು ಯಾಕೆ ಎಂದು ನಿಮಗೆ ಹೇಳಬೇಕಾದರೆ, ಹದಿನಾರು ವರ್ಷ ಹಿಂದಕ್ಕೆ, ಮತ್ತು ಇಲ್ಲಿಂದ ಬಹಳ ಮೇಲಕ್ಕೆ ಹೋಗಬೇಕು.

ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿದ ನನಗೆ ಮೊದಲ ಕೆಲಸ ಸಿಕ್ಕಿದ್ದು ಹಿಮಾಚಲದ ಒಂದು ಕಣಿವೆಯ ಲಾಡ್ಜಿನಲ್ಲಿ. ‘ಲಾಡ್ಜ್’ ಎಂದದ್ದೇ ತಪ್ಪಾಯಿತು. ನಮ್ಮೂರಿನಲ್ಲಿ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡಿನ ಹಿಂದೆ, ಬಾರಿನ ಮೇಲೆ, ಹಗಲಲ್ಲೂ ಕಿಟಕಿ ಮುಚ್ಚಿಕೊಂಡಿರುವ ಕಟ್ಟಡ. ಅಮ್ಮ ಮೂರು ದಿನ ಊಟ ಬಿಟ್ಟಳು. ಕೊನೆಗೆ ಇಗರ್ಜಿಯ ಪಾದ್ರಿಗಳು ಬಂದು, ಅದು ಬೆಟ್ಟದ ಬುಡದಲ್ಲಿರುವ ಮರದ ಅತಿಥಿಗೃಹ, ಅಲ್ಲಿಗೆ ಹಕ್ಕಿ ನೋಡುವವರೂ ಮೀನು ಹಿಡಿಯುವವರೂ ಬರುತ್ತಾರೆ ಎಂದು ತಿಳಿಸಿ ಹೇಳಿದ ಮೇಲೆ, “ಮೀನು ಹಿಡಿಯಲಿಕ್ಕೆ ಅಷ್ಟು ದೂರ ಎಂತಕ್ಕೆ ಹೋಗಬೇಕು?” ಎಂದು ಗೊಣಗಿಕೊಂಡೇ ನನ್ನ ಪೆಟ್ಟಿಗೆ ತುಂಬಿಸಿದಳು.

ಒಂಬತ್ತು ಕೋಣೆಗಳ ಲಾಡ್ಜು. ಮುಂದೆ ಹಾಲಿನ ಬಣ್ಣದ ಹೊಳೆ, ಹೊಳೆಗೆ ಮರದ ಸೇತುವೆ, ಸೇತುವೆಯ ಆಚೆ ದೇವದಾರು ಕಾಡು. ಚಳಿಗಾಲ ಕಳೆಯುತ್ತಿದ್ದ ಹಾಗೆ ಬುರಾಂಶ್ ಎಂಬ ಮರ ಗುಡ್ಡದ ತುಂಬ ಕೆಂಪಗೆ ಹೂ ಬಿಡುತ್ತಿತ್ತು. ಆಗ ಮೋನಾಲ್ ಎಂಬ ಹಕ್ಕಿ, ಒಂದೇ ಮೈಯಲ್ಲಿ ಏಳೆಂಟು ರೇಷ್ಮೆ ಸೀರೆ ಉಟ್ಟುಕೊಂಡ ಹಾಗೆ, ಕರಗುವ ಹಿಮದಲ್ಲಿ ನೆಲ ಕೆದಕುತ್ತಿತ್ತು. ಬೇಸಿಗೆಯಲ್ಲಿ ಅತಿಥಿಗಳು ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದು ಟ್ರೌಟ್ ಮೀನು ಹಿಡಿಯುತ್ತಿದ್ದರು, ಮೇಲಿನ ಹುಲ್ಲುಗಾವಲಿಗೆ ಡೇರೆ ಹೊತ್ತುಕೊಂಡು ಹೋಗುತ್ತಿದ್ದರು. ಸೇಬು ಹಣ್ಣಾಗುವ ಹೊತ್ತಿಗೆ ಕರಡಿಗಳು ತೋಟಕ್ಕೆ ಇಳಿಯುತ್ತಿದ್ದವು. ಹಿಮ ಬಿದ್ದ ಮೇಲೆ ಘೋರಲ್ ಎಂಬ ಕಾಡುಮೇಕೆಗಳು ಕಣಿವೆಯ ಅಂಚಿನವರೆಗೂ ಬರುತ್ತಿದ್ದವು. ಅವುಗಳ ಹಿಂದೆಯೇ, ಬಿಳಿ ಹಿಮದ ಮೇಲೆ ಸಾಲಾಗಿ ಹೂ ಒತ್ತಿದ ಹಾಗೆ, ಚಿರತೆಯ ಹೆಜ್ಜೆ.

ಎಷ್ಟು ಚೆನ್ನಾಗಿ ವರ್ಣಿಸಿದೆ ನೋಡಿ. ಬುರಾಂಶ್ ಹೂವೊಂದನ್ನು ಬಿಟ್ಟರೆ ಸೇತುವೆಯ ಆಚೆಗಿನ ಯಾವುದನ್ನೂ ನಾನು ಕಂಡವಳಲ್ಲ. ಅದೂ ಕಂಡದ್ದು ರಿಸೆಪ್ಷನ್ ಕಿಟಕಿಯಿಂದ.

ಲಾಡ್ಜಿನ ಗೈಡ್ ದೋಲೂರಾಮ್ ಎಂಬ ಅರವತ್ತು ದಾಟಿದ ಮನುಷ್ಯ. ಸಣ್ಣ ಆಳು, ತಲೆಗೆ ಉಣ್ಣೆಯ ಟೋಪಿ, ಬಾಯಲ್ಲಿ ಸದಾ ಒಂದು ಹುಲ್ಲುಕಡ್ಡಿ. ನಾನು ಹೋದ ಮೂರನೆಯ ದಿನ ಅವರು ನನ್ನನ್ನು ಕಾಡು ತೋರಿಸಲು ಕರೆದುಕೊಂಡು ಹೊರಟರು. ಸೇತುವೆಯ ನಡುವೆ ಹಲಗೆಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ನನ್ನ ಕಾಲಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡ ನುಣ್ಣನೆಯ ಶೂ. ಜಾರಿ ಹೊಳೆಗೆ ಬಿದ್ದೆ. ಆಳ ಸೊಂಟದಷ್ಟೇ, ಆದರೆ ಆ ನೀರಿನ ಚಳಿ ಎಂಥದ್ದೆಂದರೆ, ಕೂಗಲು ಬಾಯಿ ತೆರೆದರೆ ಸ್ವರವೇ ಬರಲಿಲ್ಲ. ದೋಲೂರಾಮ್ ಕೋಲು ಚಾಚಿ ಎಳೆದುಹಾಕಿದರು. ಆಮೇಲೆ ಎರಡು ವರ್ಷ ನಾನು ಆ ಸೇತುವೆ ದಾಟಲಿಲ್ಲ. ಅಲ್ಲೇ ಹತ್ತು ಮಾರು ದೂರದಲ್ಲಿ ಕೂತು, ಅದರಾಚೆಗಿನದನ್ನೆಲ್ಲ ಅತಿಥಿಗಳಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದೆ.

ಅದು ಶುರುವಾದದ್ದು ರಿಸೆಪ್ಷನ್ನಿನಲ್ಲಿದ್ದ ‘ಇಂದು ಕಂಡದ್ದು’ ಎಂಬ ಬೋರ್ಡಿನಿಂದ. ದೋಲೂರಾಮ್‌ಗೆ ಇಂಗ್ಲಿಷ್ ಬರೆಯಲು ಬಾರದು. ಬೆಳಿಗ್ಗೆ ಕಾಡು ಸುತ್ತಿ ಬಂದು ನನ್ನ ಮೇಜಿನ ಮುಂದೆ ನಿಂತು, “ಲಿಖೋ ಬೇಟಿ. ಮೋನಾಲ್ ತೀನ್. ಕರಡಿ ಒಂದು, ಮರಿ ಎರಡು” ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ. ತಿಂಡಿಗೆ ಬಂದ ಅತಿಥಿಗಳು ಬೋರ್ಡು ನೋಡಿ, “ಕರಡಿ ಹೇಗಿತ್ತು?” ಎಂದು ನನ್ನನ್ನೇ ಕೇಳುತ್ತಿದ್ದರು. ಮೊದಲು ದೋಲೂರಾಮ್ ಹೇಳಿದಷ್ಟೇ ಹೇಳಿದೆ. ಆಮೇಲೆ ಸ್ವಲ್ಪ ಕೈ ಎತ್ತಿ ತೋರಿಸಿದೆ. ಆರು ತಿಂಗಳಾಗುವಾಗ ಕರಡಿ ಹೇಗೆ ಹಿಂಗಾಲ ಮೇಲೆ ನಿಂತು ಮೂಸಿತು ಎಂಬುದನ್ನು ಕೌಂಟರಿನ ಹಿಂದೆ ನಿಂತು ಮಾಡಿ ತೋರಿಸುವ ಮಟ್ಟಕ್ಕೆ ಬಂದಿದ್ದೆ. ದೋಲೂರಾಮ್ ಬಾಗಿಲ ಬಳಿ ನಿಂತು ಹುಲ್ಲುಕಡ್ಡಿ ಜಗಿಯುತ್ತ ಎಲ್ಲವನ್ನೂ ಕೇಳುತ್ತಿದ್ದರು. ಒಂದು ದಿನವೂ ನನ್ನನ್ನು ಬಿಟ್ಟುಕೊಡಲಿಲ್ಲ. ಎಲ್ಲರೂ ಹೋದ ಮೇಲೆ ಮಾತ್ರ, “ನಾಳೆ ಬರುತ್ತೀಯಾ ಬೇಟಿ? ಸೇತುವೆ ಒಣಗಿದೆ” ಎನ್ನುತ್ತಿದ್ದರು. ನಾಳೆ, ನಾಳೆ ಎಂದು ಎರಡು ವರ್ಷ ಕಳೆಯಿತು. ಬಹರೇನಿನ ಕೆಲಸ ಸಿಕ್ಕಿ ಹೊರಟೆ.

ಇಲ್ಲಿಗೆ ಬಂದು ಮದುವೆಯಾಯಿತು. ಗಂಡ ಮೆಲ್ವಿನ್ ಕುಂದಾಪುರದ ಕಡೆಯವನು, ಇಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸೂಪರ್‌ವೈಸರ್. ಸೆಗಯಾದಲ್ಲಿ ಎರಡು ಕೋಣೆಯ ಫ್ಲ್ಯಾಟು, ರಿಯಾ ಎಂಬ ಮಗಳು. ಮನೆಮಾತು ಕೊಂಕಣಿ, ಮಗಳ ಮಾತು ಇಂಗ್ಲಿಷ್, ತಾಯಿ ಮಗಳ ಜಗಳ ಮಾತ್ರ ಯಾಕೋ ಕನ್ನಡದಲ್ಲಿ.

ಈ ರಿಯಾ ಸಣ್ಣವಳಿದ್ದಾಗ ಊಟ ಮಾಡುತ್ತಿರಲಿಲ್ಲ. ಒಂದು ತುತ್ತಿಗೆ ಒಂದು ಪ್ರಾಣಿ ಎಂಬ ಲೆಕ್ಕದಲ್ಲಿ ನಾನು ಹಳೆಯ ಕಣಿವೆಯನ್ನು ಬಿಚ್ಚಿದೆ. ಅಲ್ಲಿ ದೋಲೂರಾಮ್ ಎನ್ನುವ ಒಬ್ಬರಿದ್ದರು ಎಂದು ಹೇಳುತ್ತ ಕೂತರೆ ಅನ್ನ ತಣ್ಣಗಾಗುತ್ತಿತ್ತು. ಹಾಗಾಗಿ ಅವರನ್ನು ತೆಗೆದು ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿದೆ. ಚಿರತೆಯ ಹೆಜ್ಜೆ ಹಿಡಿದು ಹೋದವಳು ನಾನು. ಸೇಬಿನ ತೋಟದಲ್ಲಿ ಕರಡಿಗೆ ಎದುರಾದವಳು ನಾನು. ಊಟದ ಸಮಸ್ಯೆ ಮುಗಿದ ಮೇಲೂ ಕಥೆ ಉಳಿದುಕೊಂಡಿತು.

ಅದು ಹೊರಬಿದ್ದದ್ದು ಹೇಗೆಂದರೆ, ಇಲ್ಲಿನ ಸನದ್ ಎಂಬಲ್ಲಿ ಶಶಿಧರ್ ಎಂಬ ಹುಬ್ಬಳ್ಳಿಯ ಎಂಜಿನಿಯರ್ ಇದ್ದಾರೆ. ಶನಿವಾರ ತಮ್ಮ ಮನೆಯ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ನಮಗೆಲ್ಲ ಅವರು ಶಶಿ ಸರ್. ಒಂದು ವಾರ ‘ನನ್ನ ಅಮ್ಮ’ ಎಂದು ಹತ್ತು ಸಾಲು ಬರೆಯಲು ಹೇಳಿದರಂತೆ. ರಿಯಾ ಬರೆದದ್ದು ಹೀಗೆ: ‘ನನ್ನ ಅಮ್ಮ ಕಾಡಿನ ಗೈಡ್ ಆಗಿದ್ದಳು. ಅವಳು ಕರಡಿಯನ್ನು ನೋಡಿದಳು. ಕರಡಿ ಅವಳನ್ನು ನೋಡಿತು. ಕರಡಿ ಓಡಿಹೋಯಿತು.’

ಅವತ್ತು ಸಂಜೆಯೇ ಶಶಿ ಸರ್ ಫೋನು.

“ಏನ್ರೀ ಮೇಡಂ, ಇಷ್ಟ ದೊಡ್ಡ ವಿಷಯ ಮುಚ್ಚಿಟ್ಟೀರಲ್ಲ! ಕರಡಿ ಮುಂದ ಎದಿ ಕೊಟ್ಟು ನಿಂತೀರಂತ?”

“ಅದು ಹಾಗಲ್ಲ ಸರ್...”

“ಇರ್ಲಿ ಬಿಡ್ರಿ, ದೊಡ್ಡವರು ಹಿಂಗ ಸುಮ್ಮನ ಇರ್ತಾರ. ಮುಂದಿನ ಗುರುವಾರ ನಾವೆಲ್ಲ ಸಖೀರ್‌ಗೆ ಟೆಂಟ್ ಹಾಕಾಕ ಹೊಂಟೀವಲ್ಲ, ಶುಕ್ರವಾರ ಮುಂಜಾನೆ ಹುಡುಗರನ್ನ ಕರಕೊಂಡು ಅಡವಿ ಪ್ರಾಣಿ ತೋರಿಸ್ರಿ. ನಾ ಗ್ರೂಪಿನಾಗ ಹಾಕೇಬಿಟ್ಟೀನಿ.”

ಮೊಬೈಲು ನೋಡಿದರೆ ನಮ್ಮ ಕನ್ನಡಿಗರ ಗ್ರೂಪಿನಲ್ಲಿ ಆಗಲೇ ಬಂದಿತ್ತು: ‘ವನ್ಯಜೀವಿ ತಜ್ಞೆ ಲವೀನಾ ಮೇಡಂ ಅವರೊಂದಿಗೆ ಮುಂಜಾನೆ ನಡಿಗೆ’. ಕೆಳಗೆ ಚಪ್ಪಾಳೆಯ ಚಿತ್ರಗಳು.

ಮೆಲ್ವಿನ್ ಅದನ್ನು ಎರಡು ಸಲ ಓದಿ ಸೋಫಾದ ಮೇಲೆ ಬಿದ್ದು ನಕ್ಕ. “ಜಿರಳೆ ಕಂಡರೆ ಸ್ಟೂಲ್ ಹತ್ತುವವಳು ತಜ್ಞೆ! ಮಾರಾಯ್ತಿ, ಸುಮ್ಮನೆ ಮಗಳ ಹತ್ತಿರ ನಿಜ ಹೇಳಿಬಿಡು.”

ಹೇಳಬೇಕೆಂದೇ ರಿಯಾಳ ಕೋಣೆಗೆ ಹೋದೆ. ಅವಳು ಶುಕ್ರವಾರಕ್ಕೆಂದು ಶೂ ತೊಳೆದು ಕಿಟಕಿಯಲ್ಲಿ ಒಣಗಲು ಇಡುತ್ತಿದ್ದಳು. ತಿರುಗಿ ನೋಡದೆಯೇ ಅಂದಳು, “ಮಮ್ಮಾ, ಕ್ಲಾಸಲ್ಲಿ ಒಬ್ಬಳು, your mom is just a receptionist ಅಂತ ಹೇಳಿದ್ದಳು. ಈಗ ಅವಳೂ ಬರ್ತಾಳೆ. Let her see.”

ಒದ್ದೆ ಶೂವಿನ ಲೇಸು ಬಿಡಿಸಿಟ್ಟು ಹೊರಗೆ ಬಂದೆ. ಆ ವಾರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ನಡುನಡುವೆ ಬಹರೇನಿನ ಹಕ್ಕಿಗಳ ಹೆಸರು ಬಾಯಿಪಾಠ ಮಾಡಿದೆ.

ಚಳಿಗಾಲದಲ್ಲಿ ಈ ದೇಶದ ಅರ್ಧ ಜನ ಮರಳುಗಾಡಿನಲ್ಲಿರುತ್ತಾರೆ. ಸಖೀರ್‌ನ ಬಯಲಿನ ತುಂಬ ಬಿಳಿ ಟೆಂಟು, ಅದರ ಮುಂದೆ ಬಣ್ಣದ ಬಲ್ಬು, ಕಾರ್ಪೆಟ್ಟು, ಕೆಲವರದ್ದಂತೂ ಸೋಫಾ, ಟೀವಿ. ನಾವು ಗುರುವಾರ ಸಂಜೆ ಹೋದಾಗ ಫೆಬ್ರವರಿಯ ಕೊನೆ. ಬೇಕಾದಷ್ಟು ತಂಪು, ಆದರೆ ಮಧ್ಯಾಹ್ನದ ಬಿಸಿಲು ಆಗಲೇ ತನ್ನ ಗುರುತು ಹೇಳುತ್ತಿತ್ತು. ದೂರದಲ್ಲಿ ಜಬಲ್ ದುಖಾನ್, ಈ ನಾಡಿನ ಅತಿ ಎತ್ತರದ ಬೆಟ್ಟ. ಮೆಲ್ವಿನ್ ಅದನ್ನೇ ನೋಡುತ್ತ, “ಕೊಲ್ಲೂರು ಘಾಟಿಯ ಒಂದು ತಿರುವಿನಷ್ಟೂ ಇಲ್ಲ. ಪಾಪ, ಇದ್ದದ್ದರಲ್ಲಿ ನಿಂತಿದೆ” ಎಂದ. ನಮ್ಮ ಮುಂದೆ ಎರಡು ಕಲ್ಲುದಿಬ್ಬಗಳ ನಡುವೆ ಒಂದು ತಗ್ಗು, ಅದರಲ್ಲಿ ಮುಳ್ಳುಪೊದೆಗಳು. ಕಣಿವೆ ಎನ್ನಬೇಕೆಂದಿದ್ದರೆ ಎನ್ನಬಹುದು.

ಪಕ್ಕದ ಟೆಂಟಿನವರು ಬಹರೇನಿ ಕುಟುಂಬ. ಅದರ ಹಿರಿಯರನ್ನು ಎಲ್ಲರೂ ಅಬು ಯೂಸುಫ್ ಎನ್ನುತ್ತಿದ್ದರು. ನಾವು ಗೂಟ ಹೊಡೆಯುವುದನ್ನು ನೋಡಲಾರದೆ ತಾವೇ ಬಂದು ಹೊಡೆದುಕೊಟ್ಟರು. ಆಮೇಲೆ ಒಂದು ತಟ್ಟೆ ಖರ್ಜೂರ, ಒಂದು ಹೂಜಿ ಕಾಫಿ ಕಳಿಸಿದರು. ಹಿಂದೆ ಬಂದರಿನಲ್ಲಿ ನಮ್ಮ ದೇಶದವರ ಜೊತೆ ಕೆಲಸ ಮಾಡಿದವರು. ಅವರ ಹಿಂದಿ ನಮ್ಮ ಶಶಿ ಸರ್ ಹಿಂದಿಗಿಂತ ಚೆನ್ನಾಗಿತ್ತು.

ಬೆಳಿಗ್ಗೆ ಆರಕ್ಕೆ ಹದಿನಾಲ್ಕು ಜನ ನನ್ನ ಹಿಂದೆ ಸಾಲಾಗಿ ನಿಂತರು. ಕುತ್ತಿಗೆಯಲ್ಲಿ ಡಾಕ್ಟರಮ್ಮನಿಂದ ಎರವಲು ತಂದ ದುರ್ಬೀನು. ರಿಯಾ ನನ್ನ ಪಕ್ಕದಲ್ಲೇ, ಹಂಗಿಸಿದ್ದ ಆ ಕ್ಲಾಸಿನ ಹುಡುಗಿಯ ಕಡೆ ಒಮ್ಮೆ ನೋಡಿ ಮುಂದೆ ನಡೆದಳು.

ಗೊತ್ತಿಲ್ಲದವರಿಗೆ ದೊಡ್ಡ ಉಪಾಯವೆಂದರೆ ಮೌನ. ಎರಡು ಹೆಜ್ಜೆಗೊಮ್ಮೆ ಬೆರಳನ್ನು ತುಟಿಗೆ ಇಟ್ಟು “ಶ್...” ಎಂದೆ. ಎಲ್ಲರೂ ನಿಂತರು. ನಾನು ದುರ್ಬೀನು ಏರಿಸಿ ಏನನ್ನೋ ನೋಡಿ, ಗಂಭೀರವಾಗಿ ತಲೆ ಆಡಿಸಿ ಮುಂದೆ ಹೋದೆ. ಹೀಗೇ ಕಾಲು ಗಂಟೆ ನಡೆಯಿತು. ಒಂದು ಕಡೆ ನೆಲದಲ್ಲಿ ಹಿಕ್ಕೆ ಬಿದ್ದಿತ್ತು. ಬಗ್ಗಿ, “ಜಿಂಕೆ. ರಾತ್ರಿ ಹಾದುಹೋಗಿದೆ” ಎಂದೆ. ಮಕ್ಕಳು ಫೋಟೋ ತೆಗೆದರು. ಅಷ್ಟರಲ್ಲಿ ದಿಬ್ಬದ ಹಿಂದಿನಿಂದ ಅಬು ಯೂಸುಫರ ಮೂರು ಆಡುಗಳು ಬಂದು ಅದೇ ಜಾಗದಲ್ಲಿ ಇನ್ನಷ್ಟು ಹಾಕಿ ಹೋದವು. ಮೆಲ್ವಿನ್ ಆಕಾಶ ನೋಡಿದ.

ನಾನು ನಡಿಗೆಯ ವೇಗ ಹೆಚ್ಚಿಸಿದೆ. ತಗ್ಗಿನ ಕೊನೆಯಲ್ಲಿ ನೆಲದಲ್ಲಿ ಒಂದು ಬಿಲ. ಬಾಯಿ ಅಗಲ, ಮುಂದೆ ಮಣ್ಣು ಕೆದರಿತ್ತು. ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಕೈ ಅಡ್ಡ ಚಾಚಿ, “ಹಿಂದೆ ಸರಿಯಿರಿ! ಹಾವಿನ ಬಿಲ!” ಎಂದುಬಿಟ್ಟೆ.

“ಹಾವಂತ್ರೀ!” ಎಂದು ಶಶಿ ಸರ್ ಹತ್ತಿರದ ಕಲ್ಲಿನ ಮೇಲೆ ಹಾರಿದರು. ಮಕ್ಕಳು ಕಿರುಚಿಕೊಂಡು ಚೆದುರಿದರು. ಸದ್ದು ಕೇಳಿ ಅಬು ಯೂಸುಫ್ ಓಡುತ್ತ ಬಂದರು. ಬಿಲ ನೋಡಿ ಎರಡೂ ಕೈ ಎತ್ತಿ ಎಲ್ಲರನ್ನೂ ಸಮಾಧಾನ ಮಾಡಿದರು.

“ಸಾಂಪ್ ನಹೀ. ದಬ್ ಹೈ, ದಬ್” ಎಂದರು. ಹಾವಲ್ಲ, ಮುಳ್ಳುಬಾಲದ ದೊಡ್ಡ ಓತಿ. ಚಳಿಯಿಡೀ ಒಳಗೆ ಮಲಗಿರುತ್ತದೆ, ಬಿಸಿಲು ಕಾಯಿಸಲು ಈಗೀಗ ಹೊರಗೆ ಬರುತ್ತಿದೆ, ಸೊಪ್ಪು ತಿಂದುಕೊಂಡಿರುವ ಬಡಪ್ರಾಣಿ ಎಂದು ವಿವರಿಸಿದರು. ಆಮೇಲೆ ಸುತ್ತ ನೋಡಿ ಕೇಳಿದರು, “ಗೈಡ್ ಯಾರು?”

“My mother,” ಎಂದಳು ರಿಯಾ. ಸ್ವರ ಸ್ವಲ್ಪ ಸಣ್ಣದಾಗಿತ್ತು. “ಅವಳು ಎಕ್ಸ್‌ಪರ್ಟ್.”

ಅಬು ಯೂಸುಫ್ ನನ್ನ ಮುಖ ನೋಡಿದರು. ನಕ್ಕುಬಿಡಬಹುದಿತ್ತು, ನಗಲಿಲ್ಲ. “ಅಚ್ಛಾ, ಎಕ್ಸ್‌ಪರ್ಟ್‌ಗೂ ಒಮ್ಮೊಮ್ಮೆ ತಪ್ಪುತ್ತದೆ” ಎಂದು ನನ್ನನ್ನು ಕಾಪಾಡಿದರು. ಬಾಗಿಲ ಬಳಿ ನಿಂತು ಸುಮ್ಮನೆ ಕೇಳುತ್ತಿದ್ದ ದೋಲೂರಾಮ್ ಮುಖ ಥಟ್ಟನೆ ಕಣ್ಣ ಮುಂದೆ ಬಂತು. ಇನ್ನೊಬ್ಬ ಮುದುಕನ ಒಳ್ಳೆಯತನದ ಹಿಂದೆ ಮತ್ತೆ ಬಚ್ಚಿಟ್ಟುಕೊಳ್ಳಲು ನನಗೆ ಆಗಲಿಲ್ಲ.

“ಇಲ್ಲ,” ಎಂದು ಎಲ್ಲರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. “ನಾನು ಎಕ್ಸ್‌ಪರ್ಟ್ ಅಲ್ಲ. ಗೈಡ್ ಆಗಿರಲೇ ಇಲ್ಲ. ಅಲ್ಲೂ ರಿಸೆಪ್ಷನ್ನಿನಲ್ಲೇ ಇದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಕಾಡಿಗೆ ಹೋಗಿಲ್ಲ. ಹೆದರಿಕೆಯಾಗುತ್ತಿತ್ತು.”

ರಿಯಾ ನನ್ನನ್ನೇ ನೋಡುತ್ತಿದ್ದಳು. “ಹಾಗಾದರೆ ಕರಡಿ?”

“ಅದನ್ನು ನೋಡಿದ್ದು ದೋಲೂರಾಮ್ ಅಂತ ಒಬ್ಬರು, ಅಲ್ಲಿನ ಗೈಡ್.”

“ಚಿರತೆ?”

“ಅದೂ ಅವರೇ.”

“ಮತ್ತೆ ನೀನು ಎಂತ ಮಾಡಿದ್ದು?”

“ಅವರು ಹೇಳಿದ್ದನ್ನು ಬೋರ್ಡಿನಲ್ಲಿ ಬರೆದದ್ದು.”

ಅವಳು ಬೆನ್ನು ತಿರುಗಿಸಿ ನಿಂತಳು. ಆ ಇನ್ನೊಬ್ಬ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಕಲ್ಲಿನಿಂದ ಇಳಿಯುತ್ತಿದ್ದ ಶಶಿ ಸರ್ ಅವಳ ಭುಜ ಹಿಡಿದು ತಿರುಗಿಸಿ, “ನಡೀರಿ ನಡೀರಿ, ಉಪ್ಪಿಟ್ಟು ಆರಿ ಹೊಕ್ಕೈತಿ” ಎಂದು ಎಲ್ಲರನ್ನೂ ಹೊರಡಿಸಿದರು. ಹೋಗುವಾಗ ನನ್ನ ಬಳಿ ಬಂದು, “ಮೇಡಂ, ಹೆದರಿಕಿ ವಿಷಯದಾಗ ನೀವು ಒಬ್ಬರ ಅಲ್ಲ. ನಾ ಇನ್ನೂ ನಡಗಾಕ ಹತ್ತೀನಿ” ಎಂದರು. ಮೆಲ್ವಿನ್ ನನ್ನ ಕೈ ಒಮ್ಮೆ ಒತ್ತಿ ಅವರ ಹಿಂದೆ ಹೋದ.

ಉಳಿದದ್ದು ನಾನು, ರಿಯಾ, ಅಬು ಯೂಸುಫ್. ನಮ್ಮ ಭಾಷೆ ಅರ್ಥವಾಗದ ಅವರು ಏನಾಯಿತು ಎಂದು ಕೇಳಿದರು. ಮಗಳಿಗೆ ಸುಳ್ಳು ಹೇಳಿದ್ದೆ, ಈಗ ನಿಜ ಹೇಳಿದೆ ಎಂದೆ. ಅವರು ಸ್ವಲ್ಪ ಯೋಚಿಸಿ, ನೆಲದ ಮೇಲಿನ ದಿಬ್ಬದ ನೆರಳನ್ನು ತೋರಿಸಿದರು. “ಬಿಸಿಲು ಈ ಬಿಲದ ಬಾಯಿಗೆ ಬರಲಿ. ಅವನು ಹೊರಗೆ ಬರುತ್ತಾನೆ. ಕೂತುಕೊಳ್ಳಿ. ಅಲುಗಾಡಬೇಡಿ.”

ಕೂತೆವು. ರಿಯಾ ನನ್ನಿಂದ ಎರಡು ಮಾರು ದೂರ ಕೂತಳು. ಅಬು ಯೂಸುಫ್ ಪಿಸುದನಿಯಲ್ಲಿ, ತಾವು ಹುಡುಗರಾಗಿದ್ದಾಗ ದಬ್ ಹಿಡಿದು ಸುಟ್ಟು ತಿನ್ನುತ್ತಿದ್ದುದನ್ನು ಹೇಳಿದರು. “ಈಗ ಹಿಡಿಯುವ ಹಾಗಿಲ್ಲ. ಹಿಡಿದರೂ ನನಗೆ ಹಲ್ಲಿಲ್ಲ. ಅದಕ್ಕೇ ಸುಮ್ಮನೆ ನೋಡಿಕೊಂಡು ಕೂರುತ್ತೇನೆ.” ಒಂದು ಪೊದೆಯ ಪಕ್ಕದಲ್ಲಿ ತಲೆಯ ಮೇಲೆ ಬೀಸಣಿಗೆ ಬಿಚ್ಚಿದಂಥ ಹಕ್ಕಿಯೊಂದು ಇಳಿದು ಕೊಕ್ಕಿನಿಂದ ಮಣ್ಣು ಕುಕ್ಕಿತು. ‘ಹುದ್‌ಹುದ್’ ಎಂದರು. ನಮ್ಮ ಕಡೆಯ ಚಂದ್ರಮುಕುಟ. ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ಮೊದಲ ಹೆಸರೇ ಅದು, ಆದರೆ ಎದುರಿಗೆ ಬಂದಾಗ ಹೆಸರು ಹೇಳಬೇಕೆಂದು ನೆನಪೇ ಆಗಲಿಲ್ಲ.

ಬಿಸಿಲು ಒಂದೊಂದೇ ಬೆರಳಷ್ಟು ಸರಿದು ಬಂತು. ಕಾಲು ಜೋಮು ಹಿಡಿಯಿತು. ಕೊನೆಗೆ ಬಿಲದ ಕತ್ತಲಲ್ಲಿ ಏನೋ ಮೊಂಡಾದದ್ದು ಕಂಡಿತು. ಮೂಗು. ಅದು ಅಲ್ಲೇ ನಿಂತಿತು. ಆಮೇಲೆ ಅಗಲ ಬಾಯಿಯ, ಕೋಪಗೊಂಡ ಹೆಡ್‌ಮಾಸ್ಟರರಂಥ ತಲೆ. ಮುಂಗಾಲು ಎರಡು. ಬೂದಿ ಬಣ್ಣದ ಸುಕ್ಕುಸುಕ್ಕು ಮೈ. ಕೊನೆಗೆ ಜೋಳದ ತೆನೆಯ ಹಾಗೆ ಸುತ್ತಸುತ್ತಲೂ ಮುಳ್ಳಿದ್ದ ಬಾಲ. ಪೂರ್ತಿ ಹೊರಗೆ ಬಂದು, ಹೊಟ್ಟೆಯನ್ನು ಬೆಚ್ಚನೆಯ ನೆಲಕ್ಕೆ ಒತ್ತಿ, ಕಣ್ಣು ಅರೆ ಮುಚ್ಚಿತು. ಚಳಿಗಾಲವಿಡೀ ಕಾದಿದ್ದ ಬಿಸಿಲು ಅದಕ್ಕೆ ಹಿಡಿಸಿತ್ತು. ನನಗೆ ಹೆದರಿಕೆ ಇತ್ತು, ಆದರೆ ಎದ್ದು ಹೋಗುವಷ್ಟು ಇರಲಿಲ್ಲ.

ನೋಡಿದರೆ ರಿಯಾಳ ಉಗುರು ನನ್ನ ತೋಳಿಗೆ ಚುಚ್ಚುತ್ತಿತ್ತು. ಅವಳು ಯಾವಾಗ ಹತ್ತಿರ ಸರಿದಳೋ ಗೊತ್ತಾಗಲಿಲ್ಲ. “ಮಮ್ಮಾ,” ಎಂದು ಉಸಿರಲ್ಲೇ ಹೇಳಿದಳು, “ಅದು ನಗ್ತಾ ಉಂಟು.”

ಟೆಂಟಿಗೆ ಮರಳಿದಾಗ ಎಲ್ಲರೂ ಸುತ್ತ ನೆರೆದರು. ಎಷ್ಟು ದೊಡ್ಡದು ಎಂದು ಕೇಳಿದರೆ ರಿಯಾ ಎರಡೂ ಕೈ ಅಳತೆಯಿಟ್ಟು ತೋರಿಸಿ, ಆಮೇಲೆ ಯೋಚಿಸಿ, ಒಂದು ಬೆರಳಷ್ಟು ಕಮ್ಮಿ ಮಾಡಿದಳು. ನಾನಾಗಿದ್ದರೆ ಮೊಸಳೆಯ ಹತ್ತಿರ ತಂದು ನಿಲ್ಲಿಸುತ್ತಿದ್ದೆ. ಆ ಇನ್ನೊಬ್ಬ ಹುಡುಗಿ, “ನಾಳೆ ನನಗೂ ತೋರಿಸ್ತೀಯಾ?” ಎಂದಳು. ರಿಯಾ, “ಒಂದು ಗಂಟೆ ಸುಮ್ಮನೆ ಕೂರ್ತೀಯಾದರೆ” ಎಂದು ತನ್ನ ಪಾಲಿನ ಉಪ್ಪಿಟ್ಟಿಗೆ ಕೈ ಹಾಕಿದಳು.

ಸಂಜೆ ನಾಲ್ಕರ ಹೊತ್ತಿಗೆ ಅವಳೇ ನನ್ನ ಹತ್ತಿರ ಬಂದು ನಿಂತಳು. “ಹೋಗುವನಾ?” ಈ ಸಲ ನಾವಿಬ್ಬರೇ. ದಿಬ್ಬದ ಬದಿಯಲ್ಲಿ ಕೂತೆವು. ದಬ್ ಬರಲಿಲ್ಲ. ಹುದ್‌ಹುದ್ ಬರಲಿಲ್ಲ. ಗಾಳಿ ಮಾತ್ರ ಇತ್ತು, ದೂರದ ಟೆಂಟುಗಳಲ್ಲಿ ಯಾರೋ ಚೆಂಡಾಡುತ್ತಿದ್ದ ಸದ್ದು ಇತ್ತು.

“ಅಲ್ಲಿ ನೀನು ನಿಜವಾಗಿ ದಿನಾ ಎಂತ ಮಾಡ್ತಿದ್ದಿ?” ಎಂದು ಕೇಳಿದಳು.

ಹೇಳಿದೆ. ಅಮ್ಮ ಲಾಡ್ಜ್ ಎಂದು ಕೇಳಿ ಊಟ ಬಿಟ್ಟದ್ದು, ನುಣ್ಣನೆಯ ಶೂನಲ್ಲಿ ಹೊಳೆಗೆ ಬಿದ್ದದ್ದು, ಚಳಿಗೆ ನಾಲ್ಕು ಸ್ವೆಟರ್ ಹಾಕಿಕೊಂಡು ಕೈ ಮಡಚಲಾಗದೆ ಫೋನನ್ನು ಮೇಜಿನ ಮೇಲಿಟ್ಟು ಅದರ ಮೇಲೆಯೇ ಬಗ್ಗಿ ಮಾತಾಡಿದ್ದು, ಕರಡಿಯ ಹಾಗೆ ನಟಿಸುವಾಗ ಲಾಡ್ಜಿನ ಮಾಲೀಕರೇ ಹಿಂದೆ ಬಂದು ನಿಂತದ್ದು. ರಿಯಾ ನಕ್ಕು ನಕ್ಕು ಬಿಕ್ಕಳಿಕೆ ಬರಿಸಿಕೊಂಡಳು. ಇಷ್ಟು ವರ್ಷ ಹೇಳಿದ ಯಾವ ಚಿರತೆಗೂ ಅವಳು ಹೀಗೆ ನಕ್ಕಿರಲಿಲ್ಲ. ಅವಳ ಬಿಕ್ಕಳಿಕೆಗೆ ಬೆದರಿ ನಮ್ಮ ಕಾಲ ಬುಡದಲ್ಲೇ, ಮರಳಿನ ಬಣ್ಣದಲ್ಲಿ ಮರಳೇ ಆಗಿ ಕೂತಿದ್ದ ಒಂದು ಪುಟ್ಟ ಹಕ್ಕಿ ಪುರ್ರೆಂದು ಹಾರಿ ಆಚೆ ಪೊದೆಯ ಹಿಂದೆ ಇಳಿಯಿತು.

“ಅದು ಯಾವ ಹಕ್ಕಿ ಮಮ್ಮಾ?”

“ಗೊತ್ತಿಲ್ಲ ಮಗಾ.”

ಅವಳು ಎದ್ದು, ಪ್ಯಾಂಟಿನ ಮರಳು ಕೊಡವಿ, ನನ್ನತ್ತ ಕೈ ಚಾಚಿದಳು. ನಾವಿಬ್ಬರೂ ಬಗ್ಗಿಕೊಂಡು, ಸದ್ದಿಲ್ಲದೆ, ಪೊದೆಯ ಕಡೆ ಹೆಜ್ಜೆ ಇಟ್ಟೆವು.